ಏಳುನೂರ ಹದಿನೆಂಟು ಗ್ರಾಂ

ರಿವಾಲ್ವರನ್ನು ಮೊದಲು ತೂಗಿ ನೋಡಿದೆ,
ನೂಲು ತೂಗುವ ತಕ್ಕಡಿಯಲ್ಲೇ.
ಅಂಗಡಿಯವನು ಸುತ್ತಿಕೊಟ್ಟ ಹಸಿರು ಬಟ್ಟೆ ಸಮೇತ ಒಮ್ಮೆ,
ಬಟ್ಟೆ ತೆಗೆದು ಇನ್ನೊಮ್ಮೆ.
ಏಳುನೂರ ಹದಿನೆಂಟು.
ಒಂದು ಧಾರೆ ಸೀರೆಗೆ ಹಿಡಿಯುವಷ್ಟು ರೇಷ್ಮೆ.
ಒಲೆಗೆ ಸೌದೆ ತುರುಕುತ್ತಿದ್ದ ಅಮೀರ್ ಜಾನ್
"ಇಷ್ಟೇನಾ ಅಕ್ಕಾ?" ಅಂದ.
ಲಕ್ಷದ ಮೇಲೆ ಸುರಿದಿದ್ದಕ್ಕೆ
ಇನ್ನಷ್ಟು ಭಾರ ಇರಬೇಕಿತ್ತು ಅಂತ
ನನಗೂ ಅನಿಸಿತ್ತು.

ಎಣ್ಣೆಯ ವಾಸನೆ. ಹೊಲಿಗೆ ಮಿಷನ್ನಿಗೆ ಬಿಡುವಂಥದ್ದೇ,
ಆದರೆ ಬಟ್ಟೆಯ ನೆನಪಿಲ್ಲದ್ದು.
ಹಿಡಿ ನನ್ನ ಅಂಗೈಗೆ ದೊಡ್ಡದು.
ಕುದುರೆ ಎಳೆಯಲು ಎರಡೂ ಹೆಬ್ಬೆರಳು ಬೇಕು.
"ಪಳಗುತ್ತೆ ಮೇಡಂ" ಅಂದಿದ್ದ ಅಂಗಡಿಯವನು.
ಅದೋ, ನಾನೋ, ಹೇಳಲಿಲ್ಲ.

ಮೂವತ್ತು ವರ್ಷ ಕುದಿನೀರಲ್ಲಿ
ಎಳೆಯ ತುದಿ ಹುಡುಕಿದ ಬೆರಳು ಇವು.
ಚಿಕ್ಕಬಳ್ಳಾಪುರದ ಕಚೇರಿಯಲ್ಲಿ
ಗಾಜಿನ ಮೇಲೆ ಒತ್ತಿದರೆ ಏನೂ ಮೂಡಲಿಲ್ಲ.
ಗುಮಾಸ್ತ ಒರೆಸಿದ, ಉಜ್ಜಿದ, ಮತ್ತೆ ಒತ್ತಿಸಿದ.
"ಗೆರೇನೇ ಇಲ್ವಲ್ಲಮ್ಮ ನಿಮಗೆ,
ನಾಳೆ ಯಾರಿಗಾದ್ರೂ ಹೊಡೆದ್ರೆ ಹಿಡಿಯೋದು ಹೆಂಗೆ?"
ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.
ಕೊನೆಗೆ ಎಡಗೈ ಕಿರುಬೆರಳು ಒಪ್ಪಿಕೊಂಡಿತು.

ಕಾರಣ ಅನ್ನುವ ಕಾಲಂನಲ್ಲಿ ಬರೆಸಿದ್ದು:
ಹೆಚ್ ಕ್ರಾಸ್ ದಾಟಿದ ಮೇಲೆ, ಸಂಜೆ ಏಳೂವರೆ,
ಒಂದು ಬೈಕು, ಇಬ್ಬರು, ನಾಲ್ಕು ಲಕ್ಷದ ಚೀಲ.
ಬರೆಸದೆ ಬಿಟ್ಟಿದ್ದು:
ಹಿಂದೆ ಕೂತವನು ತೀರಾ ಎಳೆಯ,
ನನ್ನ ತೋಳಿಗೆ ಮಚ್ಚು ತಾಗಿದ ಮೇಲೆ
"ಅಯ್ಯೋ, ರಕ್ತ" ಅಂದವನು ಅವನೇ.

ಪರವಾನಗಿ ಕೈಸೇರಲು ಎರಡು ವರ್ಷ.
ಅಷ್ಟರಲ್ಲಿ ಶಿಡ್ಲಘಟ್ಟದ ಮಾರುಕಟ್ಟೆಯೇ ಬೇರೆಯಾಗಿತ್ತು.
ಹರಾಜೂ ಮೊಬೈಲಲ್ಲಿ, ದುಡ್ಡೂ ಮೊಬೈಲಲ್ಲಿ.
ಈಗ ನನ್ನ ಚೀಲದಲ್ಲಿ ಎಲೆಅಡಿಕೆ, ಬಿಪಿ ಮಾತ್ರೆ,
ಬಸ್ಸಿಗೆ ತೋರಿಸಲು ಆಧಾರ್ ಕಾರ್ಡು.
ಅದನ್ನು ಕಾಯಲು ಇದು ಬಂದಿದೆ.

ಎಲ್ಲಿಡುವುದು?
ನಾದಿನಿ ಅಕ್ಕಯ್ಯಮ್ಮ ಒಳಗೆ ಬಾರದೆ
ಹೊಸ್ತಿಲಲ್ಲೇ ನಿಂತು "ದೇವರ ಗೂಡಲ್ಲಿ ಬೇಡ" ಅಂದಳು.
ಮೊಮ್ಮಗನಿಗೆ ಎಟುಕದ ಜಾಗ ಈ ಮನೆಯಲ್ಲಿಲ್ಲ.
ಬೀರು, ಅಟ್ಟ, ರಾಗಿ ಡ್ರಮ್ಮಿನ ಹಿಂದೆ,
ನನ್ನ ಮನೆಯಲ್ಲೇ ಕಳ್ಳಿಯ ಹಾಗೆ
ಸಂಜೆಯೆಲ್ಲ ಓಡಾಡಿದೆ.

ರಾತ್ರಿ ಗುಂಡಿನ ಡಬ್ಬ ಬಿಚ್ಚಿದೆ.
ಹಿತ್ತಾಳೆಯ ಹಳದಿ, ಮೂತಿ ಮಾತ್ರ ಸೀಸ,
ನಮ್ಮ ಹಳದಿ ಗೂಡಿನ ಮರಿಯ ಹಾಗೆ.
ಯೋಚಿಸದೆಯೇ ಒಂದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದೆ,
ಮಾರುಕಟ್ಟೆಯಲ್ಲಿ ಲಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತು
ದಿನಾ ಮಾಡುವ ಹಾಗೆ.
ಗೂಡಾದರೆ ಒಳಗೆ ಹುಳು ಲೊಟಕ್ಕನ್ನುತ್ತದೆ:
ಚೆನ್ನಾಗಿ ಒಣಗಿದೀನಿ, ನೂಲು ಬರುತ್ತೆ, ಕೂಗು.
ಇದರೊಳಗೆ ಏನೂ ಅಲ್ಲಾಡಲಿಲ್ಲ.

ಎಷ್ಟು ಜೀವ ಬಾಣಲೆಗೆ ಸುರಿದ ಕೈ ಇದು!
ಈ ಮನೆ, ಮಗಳ ಮದುವೆ, ಈ ರಿವಾಲ್ವರ್,
ಎಲ್ಲ ಅದರಿಂದಲೇ.
ಆಗ ಅಕ್ಕಯ್ಯಮ್ಮ ಹೊಸ್ತಿಲಲ್ಲಿ ನಿಂತಿರಲಿಲ್ಲ.
ಆಗ ಕಿಲೋ ಲೆಕ್ಕ.

ಆರು ಮನೆ. ಒಂದೊಂದಾಗಿ ತುಂಬಿದೆ.
ಒಂದೊಂದಾಗಿ ತೆಗೆದೆ.
ಐದು ಅಂಗೈಗೆ ಬಿದ್ದವು,
ಆರನೆಯದು ಸಿಕ್ಕಿಕೊಂಡಿತು.
ಉಗುರಲ್ಲಿ ಎಬ್ಬಿಸುವಾಗ, ಯಾಕೋ,
ಆ ಹುಡುಗನಿಗೆ ಈಗ ಮೀಸೆ ಬಂದಿರಬಹುದು
ಅನಿಸಿತು.

ಬೆಳಿಗ್ಗೆ ಅಮೀರ್ ಜಾನ್ ಕೂಗಿದ:
"ನೀರು ಕುದೀತಿದೆ ಅಕ್ಕಾ."
ತಕ್ಕಡಿಯ ತಟ್ಟೆಯಲ್ಲಿ
ಹೆಬ್ಬೆಟ್ಟಿನಗಲ ಎಣ್ಣೆಯ ಕಲೆ.
ನೂಲಿಗೆ ಹತ್ತಬಾರದಲ್ಲ,
ಸೆರಗಿನ ತುದಿಯಿಂದ ಒರೆಸಿದೆ.
ಮಧ್ಯಾಹ್ನದವರೆಗೂ
ಮುಖದ ಬೆವರು ಒರೆಸಿಕೊಂಡಾಗೆಲ್ಲ
ಅದೇ ವಾಸನೆ.